ಹಗ್ಗಕ್ಕೆ ಕಾಲು ತಾಗಿದರೆ

ಹಗ್ಗಕ್ಕೆ ಹಂಸಾಳ ಬೂಟು ತಾಗಿತು. ತಾಗಿದ್ದು ಗೊತ್ತಾದ ಕೂಡಲೇ ಅವಳು ಬಗ್ಗಿ ಹಗ್ಗವನ್ನು ಮುಟ್ಟಿದಳು. ಮುಟ್ಟಿದ ಕೈಯನ್ನು ಕಣ್ಣಿಗೆ ಒಯ್ಯುವ ಮೊದಲೇ ಯಾರೋ ಲೈಫ್ ಜಾಕೆಟ್ಟಿನ ಬೆನ್ನು ಹಿಡಿದು ಅವಳನ್ನು ಹಿಂದಕ್ಕೆ ಎಸೆದರು. ಒದ್ದೆ ಕಾಂಕ್ರೀಟಿನ ಮೇಲೆ ಅವಳು ಕುಕ್ಕರಿಸಿ ಬಿದ್ದಳು. ಅವಳ ಬೆರಳುಗಳಿದ್ದ ಜಾಗದಲ್ಲಿ ಹಗ್ಗ ಕಿರ್ರೆಂದು ಬಿಗಿದು, ಒಳಗಿನ ನೀರನ್ನೆಲ್ಲ ಕಾರಿ, ಕಬ್ಬಿಣದ ಗೂಟಕ್ಕೆ ಕಚ್ಚಿಕೊಂಡಿತು. ತೋಳಿನಷ್ಟು ದಪ್ಪದ ಹಗ್ಗ. ಅದರ ಆಚೆ ತುದಿಯಲ್ಲಿ ಟೋಕಿಯೋದಿಂದ ಬಂದ ಹಡಗು ಅಲೆಯ ಮೇಲೆ ಏರಿ ಇಳಿಯುತ್ತಿತ್ತು.

"ಕೈ ಬೇಡ್ವಾ ನಿನಗೆ?" ಎಂದು ಅಸಾನುಮಾ ಕಿರುಚಿದ.

ಅಸಾನುಮಾ ಆ ಜೆಟ್ಟಿಯ ಮುಖ್ಯಸ್ಥ. ಐವತ್ತೈದು ದಾಟಿದವನು, ಗಿಡ್ಡ, ಅಗಲ. ಗಾಳಿಯಲ್ಲಿ ಕೂಗಿ ಕೂಗಿ ಅವನಿಗೆ ಮನೆಯೊಳಗೂ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಹಡಗು ಸಾಮಾನು ಇಳಿಸಿ ಹೊರಟುಹೋಗುವವರೆಗೆ ಅವನು ಅವಳ ಕಡೆ ನೋಡಲಿಲ್ಲ. ಆಮೇಲೆ ಬಂದು ಹೇಳಿದ: "ನಾಳೆಯಿಂದ ಹಗ್ಗದ ಹತ್ತಿರ ಬರ್ಬೇಡ, ಹಂಸಾ-ಸಾನ್. ಅಂಗಡಿ ಪೆಟ್ಟಿಗೆ ಇಳಿಸ್ಕೊಂಡಿರು, ಸಾಕು."

ಮಿಸಾಗೋ ದ್ವೀಪದಲ್ಲಿ ಮುನ್ನೂರು ಜನರೂ ಇಲ್ಲ. ಒಂದು ಬೆಟ್ಟ, ಅದರ ಪಕ್ಕೆಗೆ ಅಂಟಿಕೊಂಡ ಒಂದು ಊರು, ಊರ ಕೆಳಗೆ ಒಂದು ಜೆಟ್ಟಿ. ಹಡಗಿಗೆ ಮರೆ ಕೊಡುವ ಕೊಲ್ಲಿ ಇಲ್ಲ. ಜೆಟ್ಟಿ ನೇರವಾಗಿ ತೆರೆದ ಸಮುದ್ರಕ್ಕೆ ಚಾಚಿದೆ. ಟೋಕಿಯೋದ ಮಿನಾಟೋ ವಾರ್ಡಿನಿಂದ ರಾತ್ರಿ ಹೊರಡುವ ಹಡಗು ಬೆಳಿಗ್ಗೆ ಇಲ್ಲಿ ಮುಟ್ಟುತ್ತದೆ. ಮುಟ್ಟಿದರೆ ಮುಟ್ಟಿತು. ಟಿಕೆಟ್ ಕೌಂಟರಿನಲ್ಲೇ ಬೋರ್ಡು ಹಾಕಿರುತ್ತಾರೆ: ಪ್ರಯಾಣ ಷರತ್ತಿನ ಮೇಲೆ. ಅಂದರೆ ಹಡಗು ಹೊರಡುವುದು ಖಾತ್ರಿ, ನಿಲ್ಲುವುದು ಖಾತ್ರಿ ಇಲ್ಲ. ಅಲೆ ಜೋರಿದ್ದರೆ ಅದು ದ್ವೀಪದ ಮುಂದೆ ಸ್ವಲ್ಪ ಹೊತ್ತು ತಡೆದು, ಜೆಟ್ಟಿಯನ್ನು ನೋಡಿ, ಹಾಲು, ತರಕಾರಿ, ಟಪಾಲು, ಜನ ಎಲ್ಲವನ್ನೂ ಹೊತ್ತುಕೊಂಡು ಮುಂದಿನ ದ್ವೀಪಕ್ಕೆ ಹೋಗುತ್ತದೆ. ಚಳಿಗಾಲದಲ್ಲಿ ವಾರಗಟ್ಟಲೆ ಹೀಗಾಗುವುದುಂಟು. ಆಗ ಅಂಗಡಿಯಲ್ಲಿ ಕೊನೆಗೆ ಉಳಿಯುವುದು ಸೋಯಾ ಸಾಸು ಮತ್ತು ಟಾಯ್ಲೆಟ್ ಪೇಪರು.

ಹಂಸಾ ಮತ್ತು ಅವಳ ಗಂಡ ಅಭಿಷೇಕ ಇಲ್ಲಿಗೆ ಬಂದು ಒಂದು ವರ್ಷ ಆಗಿತ್ತು. ಅದಕ್ಕೆ ಮೊದಲು ಟೋಕಿಯೋದ ಫುನಾಬೊರಿಯಲ್ಲಿದ್ದರು. ಲಿಫ್ಟಿನಲ್ಲಿ ಕನ್ನಡ, ಕೆಳಗೆ ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿ, ಭಾನುವಾರ ಯಾರದಾದರೂ ಮಗುವಿನ ಬರ್ತ್‌ಡೇ. ಅಲ್ಲಿ ಅವಳಿಗೆ ಯಾವ ಕಷ್ಟವೂ ಇರಲಿಲ್ಲ, ಮಾಡಲು ಕೆಲಸವೂ ಇರಲಿಲ್ಲ. ಅಭಿಷೇಕನ ಕಂಪನಿ ಅವನನ್ನು ತಿಂಗಳಿಗೊಮ್ಮೆ ಮಾತ್ರ ಆಫೀಸಿಗೆ ಕರೆಯುತ್ತಿತ್ತು. ಮಿಸಾಗೋ ಪಂಚಾಯಿತಿಯವರು ಖಾಲಿ ಮನೆಗೆ ಜನ ಬೇಕು, ಊರ ಅಂಗಡಿಗೆ ಆಳು ಬೇಕು ಎಂದು ಜಾಹೀರಾತು ಹಾಕಿದ್ದನ್ನು ಹಂಸಾ ಓದಿ ಹೇಳಿದಾಗ ಅವನು ನಕ್ಕ. ಅಷ್ಟರಲ್ಲಿ ಅವಳು ಫೋನ್ ಮಾಡಿ ಆಗಿತ್ತು.

ಇಲ್ಲಿ ಹಡಗು ಬಂದಾಗ ಜೆಟ್ಟಿಯ ಕೆಲಸ ಇಂಥವರದು ಎಂದಿಲ್ಲ. ಪೋಸ್ಟ್‌ಮನ್, ಪಂಚಾಯಿತಿ ಗುಮಾಸ್ತರು, ಶಾಲೆಯ ಅಡುಗೆಯವರು ಎಲ್ಲರೂ ಹೆಲ್ಮೆಟ್ ಹಾಕಿಕೊಂಡು ಇಳಿದುಬರುತ್ತಾರೆ. ಆದರೆ ಹಗ್ಗಕ್ಕೆ ಮಾತ್ರ ಕಲಿತವರೇ ಬೇಕು. ಹಡಗಿನ ಕಂಪನಿಯ ನಿಯಮ ಗಟ್ಟಿ: ಹಗ್ಗಕ್ಕೆ ಆರು ಜನ ಇಲ್ಲದಿದ್ದರೆ, ಅಲೆಯಿರುವ ದಿನ ಹಡಗು ಕಟ್ಟುವಂತಿಲ್ಲ. ಆ ಆರರಲ್ಲಿ ಒಬ್ಬನಾದ ಮಿಯಾಶಿತಾ ಮುದುಕ ಬೆನ್ನುನೋವೆಂದು ಅಕ್ಟೋಬರ್ ಕೊನೆಗೆ ನಿಲ್ಲುವವನಿದ್ದ. ಅವನ ಜಾಗಕ್ಕೆ ಯಾರು ಎಂದು ಊರ ಸಭೆಯಲ್ಲಿ ಕೇಳಿದಾಗ ಎಲ್ಲರೂ ತಮ್ಮ ತಮ್ಮ ಟೀ ಲೋಟ ನೋಡಿದರು. ಹಂಸಾ ಕೈಯೆತ್ತಿದಳು. ಅವತ್ತಿನಿಂದ ಅವನ ಜಾಗದಲ್ಲಿ ನಿಂತು ಕಲಿಯುತ್ತಿದ್ದಳು.

ಆ ಕೆಲಸ ಅವಳಿಗೆ ಹಿಡಿಸಿತ್ತು. ಹಡಗಿನ ಮೇಲಿಂದ ತುದಿಯಲ್ಲಿ ಚೆಂಡು ಕಟ್ಟಿದ ಸಣ್ಣ ಹಗ್ಗ ಹಾರಿ ಬರುತ್ತದೆ. ಹಿಡಿದು ಎಳೆದರೆ ಅದರ ಹಿಂದೆ ದೊಡ್ಡ ಹಗ್ಗ ನೀರಿನಲ್ಲಿ ಒದ್ದಾಡುತ್ತ ಬರುತ್ತದೆ. ಅದರ ಕುಣಿಕೆಯನ್ನು ಗೂಟಕ್ಕೆ ಹಾಕಿ ಹಿಂದೆ ಸರಿಯಬೇಕು. ಹಡಗು ಹಗ್ಗವನ್ನು ತನ್ನ ಯಂತ್ರದಿಂದ ಬಿಗಿದುಕೊಳ್ಳುತ್ತದೆ. ಇಷ್ಟೇ. ಆದರೆ ಕುಣಿಕೆ ಗೂಟದೊಳಗೆ ಬಿದ್ದಾಗ ಒಂದು ಇಡೀ ಹಡಗನ್ನು ತಾನು ಕಟ್ಟಿಹಾಕಿದೆ ಎನ್ನಿಸುತ್ತಿತ್ತು. ಜಪಾನಿಗೆ ಬಂದಮೇಲೆ ಅವಳಿಗೆ ಅಂಥದ್ದು ಬೇರೇನೂ ಸಿಕ್ಕಿರಲಿಲ್ಲ. ಅದೀಗ ಹೋಗುವುದರಲ್ಲಿತ್ತು.

ಪ್ರಯಾಣಿಕರು ಕಾಯುವ ಕೋಣೆಯಲ್ಲಿ ಅಸಾನುಮಾ ಮೆಷಿನ್ನಿನಿಂದ ಬಿಸಿ ಕಾಫಿಯ ಎರಡು ಡಬ್ಬಿ ತೆಗೆದು ಒಂದನ್ನು ಅವಳ ಮುಂದಿಟ್ಟ. ಪೋಸ್ಟ್‌ಮನ್ ಕಿಕುಚಿಯೂ ಅಲ್ಲೇ ಬೂಟಿನ ನೀರು ಚೆಲ್ಲುತ್ತ ಕೂತಿದ್ದ.

"ಅಲ್ಲೇನು ಬಗ್ಗಿದ್ದು? ಏನಾದ್ರೂ ಬಿದ್ದಿತ್ತಾ?" ಅಸಾನುಮಾ ಕೇಳಿದ.

"ಇಲ್ಲ. ಕಾಲು ತಾಗಿತು."

"ತಾಗಿದ್ರೆ?"

"ಮುಟ್ಟಿ ಕಣ್ಣಿಗೊತ್ಕೋಬೇಕು. ನಮ್ಮಲ್ಲಿ ಹಾಗೆ."

"ಹಗ್ಗ ದೇವರಾ ನಿಮಗೆ?"

"ದೇವರೇ ಆಗ್ಬೇಕಂತ ಇಲ್ಲ. ಪುಸ್ತಕ, ದುಡ್ಡು, ಅನ್ನದ ಪಾತ್ರೆ, ಪಕ್ಕದಲ್ಲಿ ಕೂತಿರೋರು. ಕೆಲಸದ ಸಾಮಾನು. ಕಾಲು ತಾಗಬಾರ್ದು, ತಾಗಿದ್ರೆ ಕೈ ತಾನೇ ಹೋಗುತ್ತೆ."

ಅಸಾನುಮಾ ತನ್ನ ಡಬ್ಬಿ ತೆರೆದ. "ಅಂದ್ರೆ ಕ್ಷಮೆ ಕೇಳೋದು."

"ಹೂಂ."

"ನಾವೂ ಕೇಳ್ತೀವಿ. ಬೆಳಿಗ್ಗೆಯಿಂದ ಸಂಜೆವರೆಗೆ ಸುಮಿಮಾಸೆನ್, ಸುಮಿಮಾಸೆನ್. ಆದ್ರೆ ಬಾಯಲ್ಲಿ ಕೇಳ್ತೀವಿ. ಬಾಯಿ ಹಗ್ಗಕ್ಕೆ ಸಿಕ್ಕೊಳ್ಳಲ್ಲ."

"ನಿನ್ನ ಬಾಯಿ ಸಿಕ್ಕೊಂಡ್ರೆ ಊರಿಗೆ ಸ್ವಲ್ಪ ನಿದ್ದೆ ಬಂದೀತು," ಎಂದ ಕಿಕುಚಿ.

ಹಂಸಾ ನಗಲಿಲ್ಲ. "ಇನ್ಮೇಲೆ ಮಾಡಲ್ಲ, ಅಸಾನುಮಾ-ಸಾನ್."

"ಬಗ್ತಿದೀನಿ ಅಂತ ನಿನಗೆ ಗೊತ್ತಿತ್ತಾ?"

"ಇಲ್ಲ."

"ಗೊತ್ತಿಲ್ದೆ ಮಾಡಿದ್ದನ್ನ ಇನ್ಮೇಲೆ ಮಾಡಲ್ಲ ಅಂತ ಹೇಗೆ ಹೇಳ್ತೀಯ?"

ಅಸಾನುಮಾ ಕಾಫಿ ಮುಗಿಸಿ ಎದ್ದ. "ಮಿಯಾಶಿತಾ ಇನ್ನೂ ಈ ತಿಂಗಳು ಇರ್ತಾರೆ. ಅಷ್ಟರೊಳಗೆ ಬಗ್ಗೋದು ನಿಂತ್ರೆ ಬಂದು ಹೇಳು, ನೋಡ್ತೀನಿ. ನಿಲ್ಲದಿದ್ರೆ ಚಳಿಗಾಲಕ್ಕೆ ನಾವು ಐದೇ ಜನ. ಹಡಗು ಮುಂದೆ ಹೋಗುತ್ತೆ, ನಾವು ದಡದಲ್ಲಿ ನಿಂತು ಕೈಬೀಸೋಣ."

ಅಭಿಷೇಕ ಇದನ್ನು ಒಂದು ಪ್ರಾಜೆಕ್ಟಿನಂತೆ ತಗೊಂಡ. ಮೀಟಿಂಗುಗಳ ನಡುವೆ ಬಿಡುವಾದಾಗ ಬಟ್ಟೆ ಒಣಹಾಕುವ ಹಗ್ಗವನ್ನು ಬಿಚ್ಚಿ ತಂದು ಪಡಸಾಲೆಯಲ್ಲಿ ಅಡ್ಡಡ್ಡ ಹಾಸಿದ.

"ಸಿಂಪಲ್. ಆ ಕಡೆಯಿಂದ ಈ ಕಡೆ ನಡಿ. ಹಗ್ಗ ತಾಗ್ಲೇಬೇಕು, ಬಗ್ಗಬಾರ್ದು. ಸ್ಟಾರ್ಟ್."

ಅವಳು ನಡೆದಳು. ಪಾದ ಹಗ್ಗವನ್ನು ಸವರಿತು.

"ಔಟ್!"

"ಎಲ್ಲಿ ಬಗ್ಗಿದೆ? ನೆಟ್ಟಗಿದೀನಿ."

"ಬಲಗೈ ಎದ್ದಿತು. ಅಂಪೈರ್ ಡಿಸಿಷನ್ ಫೈನಲ್."

"ಸುಮ್ನಿರೋ, ತುರಿಸ್ಕೊಳ್ಳಕ್ಕೆ ಎತ್ತಿದ್ದು."

"ಕಣ್ಣಿನ ಹತ್ರ? ಎರಡೂ ಕಣ್ಣಿನ ಹತ್ರ?"

ಕೈ ಖಾಲಿ ಇದ್ದರೆ ತಾನೇ ಎಂದು ದೋಸೆ ಹಿಟ್ಟಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ನಡೆದಳು. ಪಾತ್ರೆಯ ಸಮೇತ ಬಗ್ಗಿದಳು. ಹಿಟ್ಟು ಚೆಲ್ಲಿ, ಅದಕ್ಕೂ ಕಾಲು ತಾಗಿ, ಅದನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅಭಿಷೇಕ ಗೋಡೆಗೊರಗಿ ನಕ್ಕು ಸುಸ್ತಾದ.

"ಹಲ್ಲು ಬಿಡಬೇಡ. ನೀನು ಮಾಡಿ ತೋರ್ಸು."

ಅವನು ಎದೆಯುಬ್ಬಿಸಿ ಬಂದು ಹಗ್ಗವನ್ನು ಬೇಕೆಂದೇ ತುಳಿದ. ಅವನ ಬಲಗೈ ತಾನಾಗಿ ಕೆಳಗಿಳಿದು, ನೆಲ ಸವರಿ, ಕಣ್ಣಿಗೆ ಬಂತು. ಇಬ್ಬರೂ ಆ ಕೈಯನ್ನು ನೋಡಿದರು.

"ನಂದು ಬಿಡು," ಎಂದ ಅಭಿಷೇಕ. "ನಾನೇನು ಹಡಗು ಕಟ್ಟಕ್ಕೆ ಹೋಗ್ತಿಲ್ವಲ್ಲ."

ಒಂದು ವಾರ ಹೀಗೇ ಕಳೆಯಿತು. ಹಡಗು ಬಂದ ದಿನ ಅವಳು ಹಗ್ಗದ ಜಾಗದ ಸುತ್ತ ಎಳೆದ ಅಪಾಯದ ಗೆರೆಯಾಚೆ ನಿಂತು ಅಂಗಡಿಯ ಪೆಟ್ಟಿಗೆಗಳನ್ನು ತಳ್ಳುಗಾಡಿಗೆ ಹಾಕುತ್ತಿದ್ದಳು. ಮಿಯಾಶಿತಾ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ನರಳುತ್ತ, ಅವಳ ಜಾಗದಲ್ಲಿ ಹಗ್ಗ ಎಳೆಯುತ್ತಿದ್ದ. ಅದನ್ನು ನೋಡುವುದು ಕಷ್ಟವಾಗುತ್ತಿತ್ತು. ಮುದುಕನ ಮೇಲಿನ ಕನಿಕರಕ್ಕಿಂತ ಅಸೂಯೆಯೇ ಜಾಸ್ತಿ ಇತ್ತು.

ಅಸಾನುಮಾನ ತಾಯಿ ಟೋಕಿಯೆಗೆ ಎಂಬತ್ತೆಂಟು. ಊರಿನ ಮೇಲ್ತುದಿಯಲ್ಲಿ ಅವಳ ಮನೆ. ಅಂಗಡಿಯಿಂದ ಅಕ್ಕಿ, ಸೀಮೆಎಣ್ಣೆ ತಲುಪಿಸುವುದು ಹಂಸಾಳ ಕೆಲಸ. ಅಲೆ ಜೋರಾದ ದಿನ ಟೋಕಿಯೆ ತಪ್ಪದೆ ಅಂಗಡಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಜೆಟ್ಟಿ ಇದೆಯಾ?" ಹಂಸಾ ಮೊದಮೊದಲು ಇದನ್ನು ಅರಳುಮರುಳು ಎಂದುಕೊಂಡಿದ್ದಳು.

ಕಾಯುವ ಕೋಣೆಯ ಗೋಡೆಯ ಮೇಲೆ ಒಂದು ಹಳೆಯ ಫೋಟೋ ಇದೆ. ಸೊಂಟದವರೆಗಿನ ನೀರಿನಲ್ಲಿ ಸಾಲಾಗಿ ಹುಡುಗಿಯರು, ಎಲ್ಲರ ತಲೆಯ ಮೇಲೂ ಮೂಟೆ. ಮೂಟೆಯ ಕೆಳಗೆ ಬಟ್ಟೆ ಸುತ್ತಿದ ಸಿಂಬೆ. ಅಜ್ಜಿ ಕೊಡ ಹೊರುವಾಗ ಇಟ್ಟುಕೊಳ್ಳುತ್ತಿದ್ದ ಸಿಂಬೆಯ ಥರದ್ದೇ ಎಂದು ಹಂಸಾ ಗುರುತಿಸಿದ್ದಳು. ಸಾಲಿನ ಕೊನೆಯ ಹುಡುಗಿ ಟೋಕಿಯೆ. ಅವತ್ತು ಅಕ್ಕಿ ಇಳಿಸಿದ ಮೇಲೆ ಹಂಸಾ ಅದರ ಮಾತು ತೆಗೆದಳು.

"ಆಗ ಜೆಟ್ಟಿ ಎಲ್ಲಿತ್ತು?" ಎಂದಳು ಟೋಕಿಯೆ. "ಹಡಗು ದೂರ ನಿಲ್ತಿತ್ತು. ಗಂಡಸರು ದೋಣಿಯಲ್ಲಿ ಸಾಮಾನು ತರೋರು. ದೋಣಿ ಕಲ್ಲಿಗೆ ಬಡಿಯುತ್ತೆ ಅಂತ ದಡಕ್ಕೆ ಬರ್ತಿರಲಿಲ್ಲ. ನಾವು ನೀರಿಗಿಳಿದು ತಲೆ ಕೊಡ್ಬೇಕು. ಅಕ್ಕಿ ಬರೋದು, ಇದ್ದಿಲು ಹೋಗೋದು. ಒಂದ್ಸಲ ಹಸು ಬಂತು. ಅದನ್ನ ಹೊರಲಿಲ್ಲ, ಅದೇ ಈಜ್ಕೊಂಡು ಬಂತು."

"ಆಮೇಲೆ ಜೆಟ್ಟಿ ಕಟ್ಟಿದ್ರಾ?"

"ಕಟ್ಟಿದ್ರು ಅಂತೀಯಲ್ಲ. ಯಾರು ಕಟ್ಟಿದ್ದು? ಟೋಕಿಯೋದಿಂದ ಇಂಜಿನಿಯರು ಬಂದು ಸಿಮೆಂಟು ಕಲಸೋ ಮೆಷಿನ್ನು ಇಟ್ಟ. ಆದ್ರೆ ಕಲ್ಲು, ಮರಳು ದಡದಿಂದ ಮೆಷಿನ್ನಿಗೆ ಹೋಗ್ಬೇಕಲ್ಲ. ಅದೂ ನಮ್ಮ ತಲೆ ಮೇಲೇ ಹೋಗಿದ್ದು. ಊರಿನ ಅಷ್ಟೂ ಹೆಂಗಸರು ಹೊತ್ವಿ."

ಹಂಸಾ ಲೆಕ್ಕ ಹಾಕಿದಳು. ಜೆಟ್ಟಿ ಬಂದರೆ ಹಡಗು ದಡಕ್ಕೇ ಬರುತ್ತದೆ, ಹೊರುವವರು ಬೇಡ. ಹಗ್ಗ ಬಂತು, ಕ್ರೇನು ಬಂತು, ಕೆಲಸ ಗಂಡಸರದಾಯಿತು. ತಮ್ಮ ಕೆಲಸ ಕಳೆಯುವ ಜೆಟ್ಟಿಯನ್ನು ಹೆಂಗಸರೇ ತಲೆಯ ಮೇಲೆ ಹೊತ್ತು ಕಟ್ಟಿದ್ದರು.

"ಬೇಜಾರಾಗಲಿಲ್ವಾ ಅಜ್ಜಿ, ಕೆಲಸ ಹೋಯ್ತಲ್ಲ ಅಂತ?"

"ಬೇಜಾರಾ?" ಟೋಕಿಯೆ ಅವಳನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. "ಉದ್ಘಾಟನೆ ದಿನ ಸಾಕೆ ಕುಡಿದು ಮಲಗಿದವಳು ಮಾರನೇ ದಿನ ಮಧ್ಯಾಹ್ನ ಎದ್ದೆ. ನನ್ನ ಕುತ್ತಿಗೆ ಕೇಳು ಬೇಜಾರಾಯ್ತಾ ಅಂತ. ಬೇಜಾರಾಗಿದ್ದು ಆಮೇಲೆ. ಎರಡನೇ ವರ್ಷದ ಬಿರುಗಾಳಿಗೆ ಜೆಟ್ಟಿ ಹೋಯ್ತು. ಬೆಳಿಗ್ಗೆ ಎದ್ದು ನೋಡಿದ್ರೆ ಬರೀ ಸಮುದ್ರ. ಮತ್ತೆ ಮೊದಲಿಂದ ಹೊತ್ವಿ. ಆಗ ಬೇಜಾರಾಯ್ತು."

ಹಾಗಾದರೆ ಆ ಫೋನು ಅರಳುಮರುಳಲ್ಲ. ಒಮ್ಮೆ ಬೆಳಿಗ್ಗೆ ಎದ್ದಾಗ ಜೆಟ್ಟಿ ನಿಜಕ್ಕೂ ಇರಲಿಲ್ಲ.

ಹೊರಡುವಾಗ ಹಂಸಾ ಕೇಳಿದಳು: "ನೀರಿಗೆ ಇಳಿಯೋ ಮುಂಚೆ ಏನಾದ್ರೂ ಮಾಡ್ತಿದ್ರಾ? ಸಮುದ್ರಕ್ಕೆ ಪೂಜೆ ಥರ?"

"ಉಚ್ಚೆ ಹೊಯ್ದು ಬರ್ತಿದ್ವಿ," ಎಂದಳು ಟೋಕಿಯೆ. "ಇಳಿದ ಮೇಲೆ ಮಧ್ಯದಲ್ಲಿ ಎದ್ದು ಹೋಗೋ ಹಾಗಿರಲಿಲ್ಲ."

ಭಾನುವಾರ ಹಂಸಾ ಮೈಸೂರಿಗೆ ವಿಡಿಯೋ ಕಾಲ್ ಮಾಡಿದಳು. ಅವಳ ತಾಯಿ ವಸುಂಧರಾ ಕುವೆಂಪುನಗರದ ಮನೆಯ ಮಹಡಿಯಲ್ಲಿ ಮಕ್ಕಳಿಗೆ ಭರತನಾಟ್ಯ ಕಲಿಸುತ್ತಾಳೆ. ಹಂಸಾಳೂ ಹತ್ತನೇ ಕ್ಲಾಸಿನವರೆಗೆ ಅಲ್ಲೇ ಕುಣಿದವಳು. ವಸುಂಧರಾ ಫೋನನ್ನು ಕಿಟಕಿಗೆ ಒರಗಿಸಿ ಒಂದು ಕಣ್ಣು ಮಗಳ ಮೇಲೆ, ಒಂದು ಕಣ್ಣು ಮಕ್ಕಳ ಮೇಲೆ ಇಟ್ಟಿದ್ದಳು.

"ಅಮ್ಮ, ಕಾಲು ತಾಗಿದ್ರೆ ಮುಟ್ಟಿ ಕಣ್ಣಿಗೊತ್ಕೊಳ್ಳೋದು ಕಲಿಸಿದ್ದು ನೀನೇ ತಾನೆ?"

"ಹೌದು. ಈಗ ಏನನ್ನ ಒದ್ದೆ?"

ಹಂಸಾ ಹಗ್ಗದ ಕತೆ ಹೇಳಿದಳು. ಬೆರಳು ಹೋಗುತ್ತಿತ್ತು ಎಂಬುದನ್ನು ಮಾತ್ರ ಬಿಟ್ಟಳು. "ಈಗ ಇದನ್ನ ಬಿಡಿಸೋದು ಹೇಗೆ ಹೇಳು."

"ಬಿಡಿಸೋದಾ? ಕಲಿಸೋಕೇ ನಾಲ್ಕು ವರ್ಷ ಹಿಡೀತು ಕಣೇ. ಊಟದ ತಟ್ಟೆ ಒದ್ದು ಓಡಿಹೋಗ್ತಿದ್ದೆ, ಕತ್ತೆ. ಹಿಡ್ಕೊಂಡು ಬಂದು ಬಗ್ಸಿ ಬಗ್ಸಿ... ಏ ನಿಧಿ! ನೆಲಕ್ಕೆ ನಮಸ್ಕಾರ ಮಾಡ್ದೆ ಹೆಜ್ಜೆ ಹಾಕ್ಬೇಡ ಅಂತ ಎಷ್ಟು ಸಲ ಹೇಳ್ಬೇಕು? ವಾಪಸ್ ಬಾ. ಮಾಡು. ಹೂಂ, ಈಗ ಎಷ್ಟು ಬೇಕಾದ್ರೂ ತುಳಿ."

ಹಂಸಾ ಫೋನನ್ನು ಹತ್ತಿರ ಹಿಡಿದಳು. ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಹುಡುಗಿ ಕೂತು ನೆಲ ಮುಟ್ಟಿ, ಕಣ್ಣಿಗೊತ್ತಿಕೊಂಡು, ಎದ್ದು ದಡದಡನೆ ಕಾಲು ಬಡಿಯತೊಡಗಿದಳು.

"ಅಮ್ಮ, ಡ್ಯಾನ್ಸ್ ಮಾಡೋವಾಗ ಮಧ್ಯೆ ನಾನು ಯಾವತ್ತೂ ಬಗ್ತಿರಲಿಲ್ಲ ಅಲ್ವಾ?"

"ಯಾಕೆ ಬಗ್ಗಬೇಕು? ತುಳಿಯೋದಕ್ಕೆ ಮುಂಚೇನೇ ಕೇಳ್ಕೊಂಡಾಗಿದೆಯಲ್ಲ." ವಸುಂಧರಾ ಈಗ ಎರಡೂ ಕಣ್ಣು ಇತ್ತ ತಂದಳು. "ಓ, ಅದಾ ನಿನ್ನ ಪ್ಲ್ಯಾನು? ಮಾಡು, ಏನಾಗುತ್ತೆ? ಭೂಮಿ ತಾಯಿಗೇ ಅಡ್ವಾನ್ಸ್ ನಡೆಯುತ್ತೆ ಅಂದ್ಮೇಲೆ ಹಗ್ಗಕ್ಕೆ ನಡೆಯಲ್ವಾ? ಆದ್ರೆ ಮುಗಿದ್ಮೇಲೂ ಒಂದು ಮಾಡ್ಬೇಕು, ತಪ್ಪಿಸ್ಬೇಡ. ಅಳಿಯಂದ್ರು ಎಲ್ಲಿ?"

"ಚೆಲ್ಲಿದ ಹಿಟ್ಟು ಒರೆಸ್ತಿದೀನಿ ಅತ್ತೆ," ಎಂದು ಅಭಿಷೇಕ ಒಳಗಿನಿಂದ ಕೂಗಿದ. ಸುಳ್ಳು. ಅದನ್ನು ಒರೆಸಿ ವಾರ ಕಳೆದಿತ್ತು.

ಅವತ್ತೇ ಪಡಸಾಲೆಯಲ್ಲಿ ಮತ್ತೆ ಹಗ್ಗ ಹಾಸಿದರು. ಹಂಸಾ ಮೊದಲೇ ಕೂತು ಹಗ್ಗವನ್ನು ಮುಟ್ಟಿ, ಕಣ್ಣಿಗೊತ್ತಿಕೊಂಡು, ಎದ್ದು ನಡೆದಳು. ಪಾದ ತಾಗಿತು. ಕೈ ಒಮ್ಮೆ ಮಿಡುಕಿ ಸುಮ್ಮನಾಯಿತು. ಮತ್ತೆ ನಡೆದಳು, ಓಡಿದಳು, ಹಿಂದುಹಿಂದಕ್ಕೆ ಬಂದಳು. ಅಭಿಷೇಕ ಹಗ್ಗವನ್ನು ಅವಳ ಕಾಲಿಗೇ ಎಸೆದು ನೋಡಿದ.

"ನಾಟೌಟ್," ಎಂದ. ಅವನ ದನಿಯಲ್ಲಿ ಸ್ವಲ್ಪ ನಿರಾಸೆ ಇತ್ತು.

ಅಸಾನುಮಾ ಜೆಟ್ಟಿಯ ಗೋದಾಮಿನಲ್ಲಿ ಕ್ರೇನಿಗೆ ಗ್ರೀಸು ಹಚ್ಚುತ್ತಿದ್ದ. ಹಂಸಾ ಹೋಗಿ ವಿಷಯ ಹೇಳಿದಳು. ಅವನು ಪೂರ್ತಿ ಕೇಳಿ, ಕೈ ಒರೆಸಿಕೊಂಡ.

"ಹಗ್ಗ ಯಾರದು?"

"ಯಾರದು ಅಂದ್ರೆ?"

"ಹಡಗಿಂದು. ಹಡಗು ಬರೋವರೆಗೂ ಹಗ್ಗ ಹಡಗಿನ ಮೇಲಿರುತ್ತೆ. ಮುಂಚೇನೇ ಮುಟ್ಟಬೇಕು ಅಂದ್ರೆ ಎಲ್ಲಿಗೆ ಹೋಗಿ ಮುಟ್ತೀಯ? ಈಜ್ಕೊಂಡು ಹೋಗ್ತೀಯಾ?"

ಹಂಸಾ ಇದನ್ನು ಯೋಚಿಸಿರಲಿಲ್ಲ. ಮನೆಯ ಹಗ್ಗ ಮನೆಯಲ್ಲೇ ಇರುತ್ತದೆ. ಅವಳು ಕಾಲಡಿ ನೋಡಿದಳು. ಹಳೆಯ ಕಾಂಕ್ರೀಟು ಸವೆದು ಒಳಗಿನ ಉರುಟು ಕಲ್ಲುಗಳು ಎದ್ದುಕಂಡವು. ದಡದ ಕಲ್ಲುಗಳು.

"ನೆಲ ಇಲ್ಲೇ ಇರುತ್ತಲ್ಲ," ಎಂದಳು. "ನಾವು ಕುಣಿಯೋವಾಗ ಮುಟ್ಟೋದು ನೆಲಾನೇ. ಜೆಟ್ಟಿ ಮುಟ್ಟಿದ್ರೆ ಜೆಟ್ಟಿ ಮೇಲೆ ಬಿದ್ದಿದ್ದೆಲ್ಲ ಸೇರುತ್ತೆ."

"ಸೇರುತ್ತೆ ಅಂತ ಯಾರು ಹೇಳಿದ್ರು?"

"ನಾನು."

"ನಿನ್ನ ಕೈ ಒಪ್ಪುತ್ತಾ?"

"ಗೊತ್ತಿಲ್ಲ," ಎಂದಳು ಹಂಸಾ. ಅದು ನಿಜವೇ ಆಗಿತ್ತು. ಆಮೇಲೆ ಸೇರಿಸಿದಳು: "ನಿಮ್ಮಮ್ಮನೂ ನೀರಿಗೆ ಇಳಿಯೋ ಮುಂಚೇನೇ ಎಲ್ಲ ಮುಗಿಸ್ಕೊಂಡು ಹೋಗ್ತಿದ್ರಂತೆ."

"ಏನು ಮುಗಿಸ್ಕೊಂಡು?"

"ಅವರನ್ನೇ ಕೇಳಿ."

ಅವನಿಗೆ ಗೊತ್ತಿತ್ತು ಅಂತ ಕಾಣುತ್ತದೆ. ಗ್ರೀಸಿನ ಡಬ್ಬಿಯ ಕಡೆ ತಿರುಗಿ ನಕ್ಕ. "ಸರಿ. ತಿಂಗಳ ಕೊನೆಗೆ ಬಾ. ನಾನು ನಿನ್ನ ಹಿಂದೇನೇ ನಿಂತಿರ್ತೀನಿ. ಇನ್ನೊಂದ್ಸಲ ಬಗ್ಗಿದ್ರೆ ಈ ಸಲ ಕಾಂಕ್ರೀಟಿಗಲ್ಲ, ಸಮುದ್ರಕ್ಕೇ ಎಸೀತೀನಿ."

ಮಿಯಾಶಿತಾ ನಿಂತಮೇಲೆ ಬಂದ ಮೊದಲ ಹಡಗುಗಳ ದಿನ ಸಮುದ್ರ ಸಪಾಟಾಗಿತ್ತು. ಹಂಸಾ ಪ್ರತಿ ಸಲ ಜೆಟ್ಟಿಗೆ ಕಾಲಿಡುವ ಮುಂಚೆ ಕೂತು ಕಾಂಕ್ರೀಟು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕಿಕುಚಿ ಮೊದಲ ದಿನ ಕುತೂಹಲದಿಂದ ನೋಡಿದ, ಎರಡನೇ ದಿನ ನೋಡಲಿಲ್ಲ. ಹಗ್ಗ ಅವಳ ಕಾಲಿಗೆ ತಾಗಲೇ ಇಲ್ಲ. ಹಾಗಾಗಿ ಏನೂ ಸಾಬೀತಾಗಲಿಲ್ಲ. ಅಸಾನುಮಾ ಅವಳ ಬೆನ್ನ ಹಿಂದೆ, ಕೈಗೆ ಎಟುಕುವ ದೂರದಲ್ಲೇ ನಿಲ್ಲುತ್ತಿದ್ದ.

ನವೆಂಬರಿನಲ್ಲಿ ಪಡುಗಾಳಿ ಶುರುವಾಯಿತು. ಅಭಿಷೇಕ ಆಫೀಸಿನ ಕೆಲಸಕ್ಕೆ ಟೋಕಿಯೋಗೆ ಹೋದವನು ವಾಪಸು ಬರಲು ಷರತ್ತಿನ ಹಡಗು ಹತ್ತಿದ್ದ. ಬೆಳಿಗ್ಗೆ ಜೆಟ್ಟಿಯಲ್ಲಿ ಹೆಲ್ಮೆಟ್ ಬಿಗಿಯುತ್ತಿದ್ದಾಗ ಹಂಸಾಳಿಗೆ ಅವನ ಮೆಸೇಜು ಬಂತು: "ಹೊಟ್ಟೇಲಿರೋದೆಲ್ಲ ಹೋಯ್ತು. ನಿಲ್ಸೋದು ಡೌಟು ಅಂತ ಅನೌನ್ಸ್ ಮಾಡಿದ್ರು. ಕರಿಬೇವು, ಕೊತ್ತಂಬರಿ, ಇಡ್ಲಿ ಅಕ್ಕಿ ತಂದಿದೀನಿ. ಬಿಟ್ಕೊಡ್ಬೇಡ." ಅವಳು ಫೋನನ್ನು ಜೇಬಿಗೆ ಹಾಕಿ, ಕೂತು, ಜೆಟ್ಟಿಯನ್ನು ಮುಟ್ಟಿದಳು. ಕಾಂಕ್ರೀಟು ತಣ್ಣಗೆ, ಉಪ್ಪುಪ್ಪಾಗಿತ್ತು.

ಹಡಗು ಮೊದಲ ಸಲ ಹತ್ತಿರ ಬಂದಾಗ ಅಲೆ ಅದನ್ನು ಜೆಟ್ಟಿಯಿಂದ ದೂರ ತಳ್ಳಿತು. ಚೆಂಡು ನೀರಿಗೆ ಬಿತ್ತು. ಹಡಗು ಹಿಂದೆ ಸರಿಯಿತು. ಸರಿದದ್ದು ಹೊರಟೇಬಿಡುತ್ತದೆ ಎಂದು ಎಲ್ಲರಿಗೂ ಅನ್ನಿಸಿತು. ಅಸಾನುಮಾ ವಾಕಿಟಾಕಿಯಲ್ಲಿ ಕ್ಯಾಪ್ಟನ್ನಿನ ಜೊತೆ ಕಿರುಚಾಡಿದ. "ಆರು ಜನ ಇದೀವಿ! ಆರು!" ಎಂದದ್ದು ಮಾತ್ರ ಗಾಳಿಯಲ್ಲಿ ಕೇಳಿತು. ಹಡಗು ತಿರುಗಿ ಮತ್ತೆ ಬಂತು.

ಈ ಸಲ ಚೆಂಡು ಕಿಕುಚಿಯ ಕೈಗೆ ಸಿಕ್ಕಿತು. ಆರೂ ಜನ ಸಾಲಾಗಿ ಎಳೆದರು. ದೊಡ್ಡ ಹಗ್ಗ ಅಲೆಗೆ ಸಿಕ್ಕಿ ಎರಡು ಪಟ್ಟು ಭಾರವಾಗಿ ಬಂತು. ಕುಣಿಕೆ ಅಂಚಿಗೆ ಬಂದಾಗ ಹಂಸಾ ಮತ್ತು ಕಿಕುಚಿ ಅದನ್ನು ಅಪ್ಪಿ ಎತ್ತಿ ಗೂಟಕ್ಕೆ ಹಾಕಿದರು. ಅವಳು ತಿರುಗಿದಳು. ಅಷ್ಟರಲ್ಲಿ ಅಲೆಯೊಂದು ಹಡಗನ್ನು ಎತ್ತಿತು. ನೆಲದ ಮೇಲೆ ಸಡಿಲವಾಗಿ ಬಿದ್ದಿದ್ದ ಹಗ್ಗ ಹಾವಿನಂತೆ ಪಕ್ಕಕ್ಕೆ ಹೊರಳಿ ಅವಳ ಬೂಟಿಗೆ ಬಡಿಯಿತು.

ಬಲಗೈ ಸೊಂಟ ಬಿಟ್ಟು ಕೆಳಗೆ ಹೊರಟಿತು. ತೊಡೆಯವರೆಗೆ ಹೋಯಿತು. ಅಲ್ಲಿ ನಿಂತಿತು. ಈಗಷ್ಟೇ ನೆಲ ಮುಟ್ಟಿದ ಉಪ್ಪು ಇನ್ನೂ ರೆಪ್ಪೆಯ ಮೇಲೆ ಉರಿಯುತ್ತಿತ್ತು. ಕೇಳಿಕೊಂಡಾಗಿದೆ. ಅವಳು ಬೆನ್ನು ನೆಟ್ಟಗಿಟ್ಟುಕೊಂಡು, ಕಲಿಸಿದಂತೆ, ಗೆರೆಯಾಚೆಗೆ ಹಿಂದೆ ಸರಿದಳು. ಹಗ್ಗ ಕಿರ್ರೆಂದು ಬಿಗಿದು ನೀರು ಕಾರಿತು. ಅದರ ಮತ್ತು ಗೂಟದ ನಡುವೆ ಯಾರ ಬೆರಳೂ ಇರಲಿಲ್ಲ.

ಹಿಂದೆ ನೋಡಿದಳು. ಅಸಾನುಮಾನ ಕೈ ಅವಳ ಜಾಕೆಟ್ಟಿನ ಹತ್ತಿರ ಗಾಳಿಯಲ್ಲಿತ್ತು. ಅವನು ಅದನ್ನು ಕೆಳಗಿಳಿಸಿ, "ಏನು ನೋಡ್ತಿದೀಯ? ಎರಡನೇ ಹಗ್ಗ!" ಎಂದು ಕಿರುಚಿದ. ಅವಳು ಓಡಿದಳು.

ಏಣಿ ಹಾಕಿದಾಗ ಮೊದಲು ಇಳಿದವನು ಅಭಿಷೇಕ. ಮುಖ ಹಸಿರಾಗಿತ್ತು. ಎರಡೂ ಕೈಯಲ್ಲಿ ಚೀಲ, ಒಂದರಿಂದ ಕರಿಬೇವು ಇಣುಕುತ್ತಿತ್ತು. "ಕಟ್ಟಿದ್ದು ನೀನಾ?" ಎಂದು ಕೇಳಿದ. "ನಾವು ಆರು ಜನ," ಎಂದಳು. ಅವನು ಕಾಯುವ ಕೋಣೆಗೆ ಹೋಗಿ ಬೆಂಚಿನ ಮೇಲೆ ಉದ್ದಕ್ಕೆ ಮಲಗಿದ. ಅವಳು ತಳ್ಳುಗಾಡಿ ತಂದು ಹಾಲು, ತೋಫು, ಎಲೆಕೋಸಿನ ಪೆಟ್ಟಿಗೆಗಳನ್ನು ಹೇರಿದಳು.

ಹಗ್ಗ ಬಿಚ್ಚಿ, ಹಡಗು ಹೋದಮೇಲೆ, ಹಂಸಾ ಮತ್ತೆ ಕೂತು ಕಾಂಕ್ರೀಟು ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಅದೇನು ಮತ್ತೆ?" ಅಸಾನುಮಾ ಬಂದ. "ಮುಂಚೇನೇ ಆಯ್ತು ಅಂದಿದ್ದೆ."

"ಮುಗಿದ್ಮೇಲೂ ಒಂದಿದೆ. ಅಮ್ಮ ಹೇಳಿದಾರೆ."

"ಇನ್ನೂ ಎಷ್ಟಿವೆ? ಎಲ್ಲ ಒಂದೇ ಸಲ ಹೇಳ್ಬಿಡು." ಅವನು ಅವಳ ಕೈಗೆ ಒಂದು ಹೆಲ್ಮೆಟ್ ಕೊಟ್ಟ. ಇಷ್ಟು ದಿನ ಅವಳು ಹಾಕುತ್ತಿದ್ದದ್ದು ಪ್ರವಾಸಿಗರಿಗೆ ಕೊಡುವ ಹಳದಿಯದು. ಇದು ಬಿಳಿಯದು, ಹಗ್ಗದವರದು. ಮುಂದುಗಡೆ ಮಿಯಾಶಿತಾ ಎಂದು ಬರೆದ ಸ್ಟಿಕ್ಕರ್ ಇತ್ತು. "ಇದನ್ನ ಕಿತ್ತು ನಿನ್ನ ಹೆಸರು ಅಂಟಿಸ್ಕೋ. ಮುದುಕನ ತಲೆ ನಾರುತ್ತೆ, ತೊಳ್ಕೋ."

ಅಂಗಡಿ ತೆರೆದಾಗ ಬಾಗಿಲಲ್ಲಿ ಆಗಲೇ ಜನ ಇದ್ದರು. ಹಾಲನ್ನು ಫ್ರಿಜ್ಜಿಗೆ ಜೋಡಿಸುವಷ್ಟರಲ್ಲೇ ಅರ್ಧ ಖಾಲಿ. ಕೌಂಟರಿನ ಹಿಂದೆ ಹಂಸಾ ಉಗುರಿನಿಂದ ಸ್ಟಿಕ್ಕರ್ ಕೆರೆಯುತ್ತಿದ್ದಳು. ಅದು ಗಟ್ಟಿಯಾಗಿ ಅಂಟಿತ್ತು, ಸುಲಭವಾಗಿ ಬರಲಿಲ್ಲ. ಫೋನು ಹೊಡೆದುಕೊಂಡಿತು.

"ಅಲೆ ಜೋರಿತ್ತಲ್ಲ," ಎಂದಳು ಟೋಕಿಯೆ. "ಜೆಟ್ಟಿ ಇದೆಯಾ?"

"ಇದೆ ಅಜ್ಜಿ. ಹಡಗೂ ಬಂದಿತ್ತು."

"ಹಾಗಾದ್ರೆ ನನಗೆ ಎರಡು ಪ್ಯಾಕೆಟ್ ಹಾಲು ಎತ್ತಿಡು. ತೋಫು ಮೆತ್ತಗಿದ್ರೆ ಬೇಡ."

ಹಂಸಾ ತೋಫುವನ್ನು ಬೆರಳಿನಿಂದ ಒತ್ತಿ ನೋಡಿದಳು. "ಗಟ್ಟಿಯಾಗಿದೆ," ಎಂದಳು.